ದಾಳದ ಜಗಲಿ: ಕಾಳಗ ಎಷ್ಟು ಕಠಿಣವಾಗಬೇಕು?

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಕಥೆ ಕಟ್ಟುವುದು ನಮ್ಮ ಕಾಸರಗೋಡಿನ ಮಕ್ಕಳಿಗೆ ಕಷ್ಟವಲ್ಲ, ಪಾತ್ರವಾಗಿ ಮಾತಾಡುವುದಂತೂ ರಕ್ತದಲ್ಲೇ ಉಂಟು. ಆದರೆ ಕಾಳಗ ಬಂತೆಂದರೆ ಒಂದೋ ನಾಯಕರೆಲ್ಲ ಸಾಯುತ್ತಾರೆ, ಇಲ್ಲವೇ ಶತ್ರುಗಳು ನಿಂತಲ್ಲೇ ಮುಗಿಯುತ್ತಾರೆ. ಹಾಗಾಗಿ ಈ ಸಲ ಇಡೀ ಅಂಕಣ ಅದಕ್ಕೇ.

ಹೊಸಬರಿಗೆ ಎರಡು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ. ಸುತ್ತ ಕೂತವರಲ್ಲಿ ಒಬ್ಬರು ಡಿಎಂ (ಡಂಜನ್ ಮಾಸ್ಟರ್), ಅಂದರೆ ಲೋಕವನ್ನೂ ಶತ್ರುಗಳನ್ನೂ ನಡೆಸುವವರು. ಉಳಿದವರಿಗೆ ಒಂದೊಂದು ಪಾತ್ರ: ಕತ್ತಿ ಹಿಡಿಯುವ ಫೈಟರ್, ಗಾಯ ಮಾಯಿಸುವ ಕ್ಲೆರಿಕ್, ಕಳ್ಳಹೆಜ್ಜೆಯ ರೋಗ್, ಮಂತ್ರ ಹಾಕುವ ವಿಝಾರ್ಡ್, ಹೀಗೆ. ಆಡುತ್ತ ಹೋದಂತೆ ಪಾತ್ರದ ಲೆವೆಲ್ 1ರಿಂದ ಏರುತ್ತದೆ. ಹೊಡೆತ ತಾಗಿತೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ಹೇಳುತ್ತದೆ: ದಾಳದಲ್ಲಿ ಬಿದ್ದದ್ದಕ್ಕೆ ನಿಮ್ಮ ಬಲ ಕೂಡಿಸಿ, ಎದುರಾಳಿಯ ಆರ್ಮರ್ ಕ್ಲಾಸ್ (ರಕ್ಷಣೆಯ ಅಂಕ) ಮುಟ್ಟಿದರೆ ತಾಗಿತು. ತಾಗಿದಾಗ ಹಿಟ್ ಪಾಯಿಂಟ್, ಅಂದರೆ ಆಯುಸ್ಸಿನ ಅಂಕ, ಕಡಿಮೆಯಾಗುತ್ತದೆ. ಸೊನ್ನೆಗೆ ಬಂದರೆ ಪಾತ್ರ ಬೀಳುತ್ತದೆ.

ಟೀಚರ್, ನಾವು ಕಾಲೇಜಿನ ಐದು ಜನ. ನಾನು ಡಿಎಂ. ಉಳಿದವರದ್ದು ಲೆವೆಲ್ 1ರ ಫೈಟರ್, ಕ್ಲೆರಿಕ್, ರೋಗ್, ವಿಝಾರ್ಡ್. ಕಾಡುದಾರಿಯಲ್ಲಿ ಆರು ಗಾಬ್ಲಿನ್ (ಕುಳ್ಳ ದುಷ್ಟ ಜೀವಿಗಳು) ಮರೆಯಲ್ಲಿ ಕೂತು ಬಾಣ ಬಿಟ್ಟವು. ಇಬ್ಬರು ಸತ್ತೇ ಹೋದರು. ಮುಂದಿನ ವಾರ ಮೂರೇ ಗಾಬ್ಲಿನ್ ಇಟ್ಟೆ. ವಿಝಾರ್ಡ್ ಸ್ಲೀಪ್ ಮಂತ್ರ ಹಾಕಿದ, ಮೂರೂ ಮಲಗಿದವು, ಮುಗಿಯಿತು. ಹಾಗಾದರೆ ಸರಿಯಾದ ಸಂಖ್ಯೆ ಎಷ್ಟು? — ಪದವಿ ವಿದ್ಯಾರ್ಥಿ, ಪೆರ್ಲ

ಸಂಖ್ಯೆ ಹೇಳುವ ಮೊದಲು ನಿಮ್ಮ ಎರಡೂ ಕಾಳಗವನ್ನು ಲೆಕ್ಕಕ್ಕೆ ಹಾಕೋಣ. ನಾನು ಕಲಿಸುವುದು ಗಣಿತ, ಇಲ್ಲಿ ಅದನ್ನು ಬಿಟ್ಟು ಮಾತಾಡಲು ಮನಸ್ಸಾಗುವುದಿಲ್ಲ.

2014ರ ಪುಸ್ತಕದ (ಐದನೇ ಆವೃತ್ತಿ) ಗಾಬ್ಲಿನ್‌ಗೆ 7 ಹಿಟ್ ಪಾಯಿಂಟ್, ಆರ್ಮರ್ ಕ್ಲಾಸ್ 15. ಬಾಣ ಬಿಡುವಾಗ ದಾಳಕ್ಕೆ 4 ಕೂಡುತ್ತದೆ, ತಾಗಿದರೆ ಆರು ಮುಖದ ಒಂದು ದಾಳ ಮತ್ತು 2, ಸರಾಸರಿ ಐದೂವರೆ. ನಿಮ್ಮ ವಿಝಾರ್ಡ್‌ನ ಆರ್ಮರ್ ಕ್ಲಾಸ್ 12 ಇದ್ದಿರಬಹುದು. ಅಂದರೆ ದಾಳದಲ್ಲಿ 8 ಅಥವಾ ಹೆಚ್ಚು ಬಿದ್ದರೆ ಸಾಕು, ನೂರಕ್ಕೆ 65 ಸಲ ತಾಗುತ್ತದೆ. ಫೈಟರ್‌ಗೆ 16 ಇದ್ದರೆ ನೂರಕ್ಕೆ 45. ಎಲ್ಲರನ್ನೂ ಸೇರಿಸಿ ಎರಡರಲ್ಲಿ ಒಂದು ಬಾಣ ತಾಗುತ್ತದೆ ಎಂದಿಟ್ಟುಕೊಳ್ಳಿ. ಮರೆಯಿಂದ ಎರಗಿದ್ದರಿಂದ ಮೊದಲ ಸುತ್ತಿನಲ್ಲಿ ನಿಮ್ಮವರು ಏನೂ ಮಾಡುವಂತಿಲ್ಲ, ಆರು ಬಾಣ ಬಂದವು. ಎರಡನೇ ಸುತ್ತಿನಲ್ಲಿ ಇನಿಶಿಯೇಟಿವ್ (ಯಾರು ಮೊದಲು ಎಂಬ ಸರದಿಯ ಅಂಕ) ಅವುಗಳದ್ದೇ ಮೇಲಾಗಿದ್ದರೆ ಮತ್ತೆ ಆರು. ಹನ್ನೆರಡು ಬಾಣದಲ್ಲಿ ಆರು ತಾಗಿದರೆ 33 ಹಿಟ್ ಪಾಯಿಂಟ್ ಕಳೆಯುವಷ್ಟು ಪೆಟ್ಟು. ಲೆವೆಲ್ 1ರಲ್ಲಿ ಆ ನಾಲ್ವರ ಹಿಟ್ ಪಾಯಿಂಟ್ ಎಲ್ಲ ಸೇರಿಸಿದರೂ 38ರ ಆಸುಪಾಸು. ನಿಮ್ಮವರಲ್ಲಿ ಒಬ್ಬರು ದಾಳ ಕೈಗೆತ್ತಿಕೊಳ್ಳುವ ಮೊದಲೇ ಇಡೀ ತಂಡದ ಆಯುಸ್ಸು ಮುಗಿಯುತ್ತ ಬಂದಿತ್ತು. ನಿಮ್ಮ ಗೆಳೆಯರು ಕೆಟ್ಟದಾಗಿ ಆಡಿದರು ಎಂದು ದಯವಿಟ್ಟು ಹೇಳಬೇಡಿ.

ಪುಸ್ತಕದ ಲೆಕ್ಕವೂ ಇದನ್ನೇ ಹೇಳುತ್ತದೆ. ಲೆವೆಲ್ 1ರ ನಾಲ್ವರಿಗೆ 2014ರ ಕೋಷ್ಟಕದಲ್ಲಿ 200 ಎಕ್ಸ್‌ಪಿ (ಶತ್ರುವನ್ನು ಸೋಲಿಸಿದರೆ ಸಿಗುವ ಅನುಭವದ ಅಂಕ) ಮಧ್ಯಮ, 300 ಕಠಿಣ, 400 ಮಾರಕ. ಒಂದು ಗಾಬ್ಲಿನ್‌ಗೆ 50. ಆರಕ್ಕೆ 300, ಆದರೆ ಅಲ್ಲಿಗೆ ನಿಲ್ಲಿಸುವಂತಿಲ್ಲ. ಶತ್ರುಗಳು ಮೂರರಿಂದ ಆರು ಇದ್ದರೆ ಎರಡರಿಂದ ಗುಣಿಸಬೇಕು. 600 ಆಯಿತು. ಮಾರಕಕ್ಕಿಂತ ಒಂದೂವರೆ ಪಾಲು. ಈ ಗುಣಿಸುವ ಸಾಲನ್ನು ಹೊಸ ಡಿಎಂಗಳು ಕಣ್ತಪ್ಪಿ ದಾಟಿಬಿಡುತ್ತಾರೆ. 2024ರ ಹೊಸ ಪುಸ್ತಕ ಆ ಗುಣಾಕಾರವನ್ನೇ ಕೈಬಿಟ್ಟಿದೆ. ಅದರ ಪ್ರಕಾರ ಇದೇ ನಾಲ್ವರಿಗೆ 300 ಎಂದರೆ ಸಾಧಾರಣ ಕಾಳಗ! ಹೆಸರು ಏನೇ ಇರಲಿ, ನಿಮ್ಮ ಮೇಜಿಗೆ ಬರುವ ಬಾಣಗಳ ಸಂಖ್ಯೆ ಬದಲಾಗುವುದಿಲ್ಲ. ಅದಕ್ಕೇ ನಾನು ಯಾವ ಕೋಷ್ಟಕ ನೋಡಿದರೂ ಪಕ್ಕದಲ್ಲಿ ಒಂದು ಸಾಲು ಬರೆದುಕೊಳ್ಳುತ್ತೇನೆ: ಒಂದು ಸುತ್ತಿನಲ್ಲಿ ನಮ್ಮ ಕಡೆಯಿಂದ ಎಷ್ಟು ಹೊಡೆತ, ಅವರ ಕಡೆಯಿಂದ ಎಷ್ಟು. ಕಾಳಗ ಯಾವ ಕಡೆ ವಾಲುತ್ತದೆ ಎಂಬುದು ಬಹುಪಾಲು ಅಲ್ಲೇ ಕಾಣುತ್ತದೆ.

ಇನ್ನು ಎರಡನೇ ವಾರ. ಮೂರು ಗಾಬ್ಲಿನ್ ಎಂದರೆ ಕೋಷ್ಟಕದಲ್ಲಿ 300, ಕಠಿಣ. ಆದರೂ ಒಂದೇ ಮಂತ್ರಕ್ಕೆ ಮುಗಿಯಿತು. 2014ರ ಸ್ಲೀಪ್ ಮಂತ್ರಕ್ಕೆ ಎಂಟು ಮುಖದ ಐದು ದಾಳ ಹಾಕಬೇಕು, ಸರಾಸರಿ ಇಪ್ಪತ್ತೆರಡೂವರೆ. ಅಷ್ಟು ಹಿಟ್ ಪಾಯಿಂಟ್‌ನ ಜೀವಿಗಳು ಮಲಗುತ್ತವೆ. ಮೂರು ಗಾಬ್ಲಿನ್‌ಗಳ ಮೊತ್ತ 21. ಗಾಬ್ಲಿನ್ ನಾಲ್ಕು ಇದ್ದಿದ್ದರೆ ಒಂದು ಎಚ್ಚರವಿದ್ದು ಉಳಿದವನ್ನು ಒದ್ದು ಎಬ್ಬಿಸುತ್ತಿತ್ತು. ಹೊಸ ಪುಸ್ತಕದಲ್ಲಿ ಈ ಮಂತ್ರ ಬದಲಾಗಿದೆ, ಅಲ್ಲಿ ಗಾಬ್ಲಿನ್‌ಗೆ ವಿಸ್‌ಡಂ ಸೇವ್, ಅಂದರೆ ದಾಳ ಹಾಕಿ ತಪ್ಪಿಸಿಕೊಳ್ಳುವ ಅವಕಾಶ, ಸಿಗುತ್ತದೆ. ನೀವು ಹಳೆಯದನ್ನೇ ಆಡುತ್ತಿದ್ದರೆ ಲೆವೆಲ್ 1ರ ವಿಝಾರ್ಡ್‌ನ ಕೈಯಲ್ಲಿ ಇಂಥದೊಂದು ಉಂಟು ಎಂದು ತಿಳಿದೇ ಕಾಳಗ ಕಟ್ಟಬೇಕು. ಹಾಗೆಂದು ಆ ಮಂತ್ರವನ್ನು ಕೆಲಸಕ್ಕೆ ಬಾರದ ಹಾಗೆ ಮಾಡಬೇಡಿ. ಒಬ್ಬ ಹುಡುಗ ಸರಿಯಾದ ಹೊತ್ತಿಗೆ ಸರಿಯಾದ ಮಂತ್ರ ಹಾಕಿ ಮೂವರನ್ನು ಮಲಗಿಸಿದ್ದಾನೆ, ಅದು ಅವನ ದಿನ.

ಈಗ ನಿಮ್ಮ ಪ್ರಶ್ನೆಗೆ ಉತ್ತರ: ನಾಲ್ಕು ಗಾಬ್ಲಿನ್, ಆದರೆ ಒಟ್ಟಿಗೆ ಬೇಡ. ಮೊದಲು ಎರಡು, ದಾರಿಗೆ ಅಡ್ಡ ಬಿದ್ದ ಮರದ ಆಚೆ. ಅವುಗಳಲ್ಲಿ ಒಂದರ ಕುತ್ತಿಗೆಯಲ್ಲಿ ಕೊಂಬು ನೇತಾಡುತ್ತಿದೆ ಎಂದು ಬಾಯಿಬಿಟ್ಟು ಹೇಳಿ. ಅದು ತನ್ನ ಟರ್ನ್‌ನಲ್ಲಿ ಕೊಂಬು ಊದಿದರೆ ಎರಡು ಸುತ್ತಿನ ನಂತರ ಗುಡ್ಡದಿಂದ ಇನ್ನೆರಡು ಇಳಿಯುತ್ತವೆ. ಊದುವ ಮೊದಲೇ ಅದನ್ನು ಕೆಡವಿದರೆ ಯಾರೂ ಬರುವುದಿಲ್ಲ. ಒಟ್ಟು ನಾಲ್ಕೇ, ಆದರೆ ಯಾವ ಸುತ್ತಿನಲ್ಲೂ ನಿಮ್ಮವರ ಮೇಲೆ ಆರು ಬಾಣ ಬೀಳುವುದಿಲ್ಲ. ಕಾಳಗ ಎಷ್ಟು ದೊಡ್ಡದಾಗಬೇಕು ಎಂಬುದು ಆಡುವವರ ಕೈಯಲ್ಲೂ ಇರುತ್ತದೆ. ಮತ್ತೆ, ಲೆವೆಲ್ 1ರವರನ್ನು ಮರೆಯಿಂದ ಎರಗಿ ಹೊಡೆಯುವುದನ್ನು ಲೆವೆಲ್ 3 ಆಗುವವರೆಗೆ ಬಿಟ್ಟುಬಿಡಿ. ಎಚ್ಚರ ಸಿಗಲಿ: ಮುರಿದ ಬಾಣ, ಹೊಗೆಯ ವಾಸನೆ, ಓಡಿ ಬರುವ ಒಂಟಿ ಎತ್ತು.

ನಮ್ಮದು ಆರು ಜನರ ದೊಡ್ಡ ಗುಂಪು, ಎಲ್ಲರೂ ಲೆವೆಲ್ 3. ತಿಂಗಳುಗಟ್ಟಲೆ ಹೆಸರು ಹೇಳಿ ಹೆದರಿಸಿದ ಓಗರ್ ಎಂಬ ದೈತ್ಯ ಎರಡನೇ ಸಲ ಗದೆ ಎತ್ತುವ ಮೊದಲೇ ಸತ್ತ. ಮುಂದಿನ ಸಲ ಹಿಟ್ ಪಾಯಿಂಟ್ ಎರಡು ಪಟ್ಟು ಮಾಡಲೇ? — ಬ್ಯಾಂಕ್ ಉದ್ಯೋಗಿ, ಮಂಜೇಶ್ವರ

ಎರಡು ಪಟ್ಟು ಮಾಡಿದರೆ ಅದೇ ಓಗರ್ ಇನ್ನಷ್ಟು ಹೊತ್ತು ನಿಂತು ಪೆಟ್ಟು ತಿನ್ನುತ್ತದೆ, ಅಷ್ಟೇ. ಓಗರ್‌ಗೆ 59 ಹಿಟ್ ಪಾಯಿಂಟ್, ಆರ್ಮರ್ ಕ್ಲಾಸ್ ಬರೇ 11. ನಿಮ್ಮ ಆರು ಮಂದಿ ನಾಲ್ಕರಲ್ಲಿ ಮೂರು ಸಲ ತಾಗಿಸುತ್ತಾರೆ, ತಲಾ 8 ಪೆಟ್ಟು ಎಂದರೂ ಸುತ್ತಿಗೆ 36. ಅದು ಎರಡನೇ ಸುತ್ತಿನಲ್ಲಿ ಸಾಯುವುದು ಲೆಕ್ಕದ ಪ್ರಕಾರವೇ. 2014ರ ಪುಸ್ತಕದಲ್ಲಿ ಆರು ಮಂದಿಯ ಗುಂಪು ಒಂಟಿ ಶತ್ರುವನ್ನು ಎದುರಿಸಿದರೆ ಅದರ ಎಕ್ಸ್‌ಪಿಯನ್ನು ಅರ್ಧ ಎಂದು ಎಣಿಸಬೇಕು. 450 ಇದ್ದದ್ದು 225. ನಿಮ್ಮ ಗುಂಪಿಗೆ 'ಸುಲಭ' ಶುರುವಾಗುವುದೇ 450ಕ್ಕೆ. ಓಗರ್ ಎದುರು ಚಾಲೆಂಜ್ ರೇಟಿಂಗ್ (ಕಠಿಣತೆಯ ಮಟ್ಟ) 2 ಎಂದು ಬರೆದದ್ದು ಲೆವೆಲ್ 2ರ ನಾಲ್ವರನ್ನು ಮನಸ್ಸಿನಲ್ಲಿಟ್ಟು, ನಿಮ್ಮ ಆರು ಮಂದಿಯನ್ನಲ್ಲ.

ಒಂಟಿ ಶತ್ರುವಿಗೆ ಬೇಕಾದದ್ದು ಟರ್ನ್. ದೊಡ್ಡ ಡ್ರ್ಯಾಗನ್‌ಗಳಿಗೆ ಪುಸ್ತಕವೇ ಸುತ್ತಿಗೆ ಮೂರು ಲೆಜೆಂಡರಿ ಆ್ಯಕ್ಷನ್ ಕೊಟ್ಟದ್ದು ಇದಕ್ಕೇ, ಬೇರೆಯವರ ಟರ್ನ್ ಮುಗಿದ ಕೂಡಲೇ ಬಾಲ ಬೀಸಲಿ ಎಂದು. ನಿಮ್ಮ ಓಗರ್‌ಗೆ ಅಷ್ಟು ಬೇಡ. ಇನಿಶಿಯೇಟಿವ್ ಪಟ್ಟಿಯಲ್ಲಿ ಅದರ ಹೆಸರನ್ನು ಎರಡು ಕಡೆ ಬರೆಯಿರಿ, ಒಂದು ಮೇಲೆ, ಒಂದು ಹತ್ತು ಅಂಕ ಕೆಳಗೆ. ಹಿಟ್ ಪಾಯಿಂಟ್ ಸ್ವಲ್ಪ ಏರಿಸಲೇಬೇಕಾದರೆ ಪುಸ್ತಕದಲ್ಲೇ ಅವಕಾಶ ಉಂಟು: 59 ಎಂಬುದು ದಾಳದ ಸರಾಸರಿ, ಎಲ್ಲ ದಾಳವೂ ಹತ್ತೇ ಬಿದ್ದರೆ 91ರವರೆಗೆ ಹೋಗುತ್ತದೆ. ಇಲ್ಲವೇ ಜೊತೆಗೆ ಎರಡು ಬಗ್‌ಬೇರ್ ಕೊಡಿ. ಗುಂಪು ದೊಡ್ಡದಾದ್ದರಿಂದ ಗುಣಾಕಾರ ಎರಡರ ಬದಲು ಒಂದೂವರೆ, ಆಗ 2014ರ ಲೆಕ್ಕ 1275ಕ್ಕೆ ಬರುತ್ತದೆ. ನಿಮ್ಮವರಿಗೆ 1350 ಕಠಿಣ. ಬಾಗಿಲ ತನಕ ಬಂದಿದೆ, ಒಳಗೆ ಕಾಲಿಟ್ಟಿಲ್ಲ. ಅದರ ಮೇಲೆ 2008ರ ನಾಲ್ಕನೇ ಆವೃತ್ತಿಯ ಒಂದು ಉಪಾಯವನ್ನು ಎರವಲು ತರಬಹುದು. ಅದರಲ್ಲಿ ಮಿನಿಯನ್ ಎಂಬ ಶತ್ರುಗಳಿಗೆ ಒಂದೇ ಹಿಟ್ ಪಾಯಿಂಟ್, ತಾಗಿದರೆ ಸತ್ತಿತು. ಅಂಥ ನಾಲ್ಕು ಗಾಬ್ಲಿನ್ ಓಗರ್‌ನ ಸುತ್ತ ಓಡಾಡುತ್ತಿದ್ದರೆ ನಿಮ್ಮವರ ಆರರಲ್ಲಿ ಮೂರು ಹೊಡೆತ ಅತ್ತ ಹೋಗುತ್ತದೆ.

ಆದರೆ ನನಗೆ ಇದೆಲ್ಲಕ್ಕಿಂತ ಇಷ್ಟವಾದದ್ದು ಬೇರೆ ಉಂಟು, ಜಾಗ. ಬಾಯಾರು, ಪಡ್ರೆ ಕಡೆಯ ಸುರಂಗ ನೋಡಿದ್ದೀರಲ್ಲ? ಕೆಂಪುಕಲ್ಲಿನ ಗುಡ್ಡದ ಬದಿಯಿಂದ ಅಡ್ಡಕ್ಕೆ ಕೊರೆದು ನೀರು ತರುವ ನಮ್ಮ ಸುರಂಗ. ಒಬ್ಬ ಆಳು ಹೋಗುವಷ್ಟೇ ಅಗಲ, ಎತ್ತರದವರು ತಲೆ ಬಗ್ಗಿಸಬೇಕು, ಕಾಲಡಿ ನೀರು, ಒಳಗೆ ಬಾವಲಿ, ತಿರುವಿನ ಆಚೆ ಕತ್ತಲು. ಒಂದು ಸಲ, ಜಿಲ್ಲಾ ಕಲೆಕ್ಟರ್ ಮಳೆಗೆ ರಜೆ ಕೊಟ್ಟ ದಿನ, ನಮ್ಮ ಜಗಲಿಯ ಕಾವಿ ನೆಲದ ಮೇಲೆ ಸೀಮೆಸುಣ್ಣದಲ್ಲಿ, ಆಡಲು ಬಂದ ಹುಡುಗರಿಗಾಗಿ, ಅಂಥ ಸುರಂಗ ಬರೆದೆ. ಒಂದು ಚೌಕದ ಅಗಲ, ಎರಡು ತಿರುವು, ಕೊನೆಗೆ ಒಂದು ಕೋಣೆ. ಚೆನ್ನೆಮಣೆಯ ಮಂಜೊಟ್ಟಿ ಕಾಳುಗಳೇ ಶತ್ರುಗಳು. ಮೊದಲ ತಿರುವಿನ ಆಚೆ ಒಂದು ಬಗ್‌ಬೇರ್, ಹಿಂದಿನಿಂದ ಬಾಯಿ ಮುಚ್ಚಲು ಇನ್ನೊಂದು. ಬಗ್‌ಬೇರ್‌ಗೆ 27 ಹಿಟ್ ಪಾಯಿಂಟ್. ಬಯಲಲ್ಲಿ ಸಿಕ್ಕಿದ್ದರೆ ಆ ಹುಡುಗರು ಒಂದೇ ಸುತ್ತಿನಲ್ಲಿ ಮುಗಿಸುತ್ತಿದ್ದರು. ಇಲ್ಲಿ ಮುಂದಿದ್ದವಳು ಒಬ್ಬಳೇ ಕತ್ತಿ ಬೀಸಬೇಕು. ಅವಳ ಹಿಂದಿನವನು ಬಾಣ ಬಿಟ್ಟರೆ ಅವಳ ಮೈಯೇ ಶತ್ರುವಿಗೆ ಮರೆ, ನಿಯಮದ ಪ್ರಕಾರ ಅದರ ಆರ್ಮರ್ ಕ್ಲಾಸ್‌ಗೆ 2 ಕೂಡಿತು. ಗೆಳೆಯನ ಚೌಕ ದಾಟಿ ಹೋಗಬಹುದು, ಅಲ್ಲಿ ನಿಲ್ಲುವಂತಿಲ್ಲ. ಸಾಲಿನ ನಾಲ್ಕನೆಯವನು ನನ್ನ ಮುಖ ನೋಡಿ, "ನಾನು ಎಂತ ಮಾಡುವುದು ಟೀಚರ್? ನನಗೆ ಕಾಣುವುದು ಇವನ ಬೆನ್ನು ಮಾತ್ರ" ಎಂದ. ಅಷ್ಟರಲ್ಲಿ ಹಿಂದಿನಿಂದ ನೀರಿನಲ್ಲಿ ಹೆಜ್ಜೆಯ ಸದ್ದು. ಇದ್ದಕ್ಕಿದ್ದಂತೆ ಸಾಲಿನ ಕೊನೆಯಲ್ಲಿದ್ದ ಕ್ಲೆರಿಕ್ ಮುಂಚೂಣಿಗೆ ಬಂದ ಹಾಗಾಯಿತು, ನಾಲ್ಕನೆಯವನು ಆ ಕ್ಲೆರಿಕ್ ಮೇಲೆ ಕೈಯಿಟ್ಟು ತನ್ನಲ್ಲಿದ್ದ ಒಂದೇ ಒಂದು ಮಂತ್ರವನ್ನು ಖರ್ಚು ಮಾಡಿದ. ಆ ಕಾಳಗದ ಶತ್ರುಗಳಲ್ಲಿ ನಾನು ಒಂದು ಅಂಕವನ್ನೂ ಬದಲಿಸಿರಲಿಲ್ಲ. ಆರು ಹೊಡೆತ ಎರಡಕ್ಕೆ ಇಳಿದಿತ್ತು.

ಇದೇ ಉಪಾಯ ತಿರುಗಿಸಿದರೆ ದುರ್ಬಲ ಗುಂಪಿಗೂ ಆಗುತ್ತದೆ. ಮೂವರೇ ಇದ್ದು ಎದುರಿಗೆ ಹತ್ತು ಗಾಬ್ಲಿನ್ ಬಂದರೆ, ಸುರಂಗದ ಬಾಯಿ ನಾಯಕರ ಕೈಯಲ್ಲಿರಲಿ.

ಕಾಳಗದ ಮಧ್ಯದಲ್ಲಿ 'ಇದು ಹೆಚ್ಚಾಯಿತು' ಎಂದು ಗೊತ್ತಾಗುತ್ತದೆ. ಪರದೆಯ ಹಿಂದೆ ದಾಳ ಹಾಕಿ, ಬಿದ್ದದ್ದು 19 ಆದರೂ 'ತಪ್ಪಿತು' ಎಂದರೆ ತಪ್ಪೇ? ಎಲ್ಲ ಡಿಎಂಗಳೂ ಮಾಡುತ್ತಾರಂತೆ. — ಹಾಸ್ಟೆಲ್ ವಿದ್ಯಾರ್ಥಿ, ಮುಳ್ಳೇರಿಯ

ಮಾಡುವವರು ಇದ್ದಾರೆ. ನಾನು ಬೇಡ ಎನ್ನುತ್ತೇನೆ, ಗಟ್ಟಿಯಾಗಿಯೇ ಹೇಳುತ್ತೇನೆ. ನಿಮ್ಮ ಗೆಳೆಯ ಕೈ ಮುಗಿದು ದಾಳ ಹಾಕುವುದು ಅದಕ್ಕೊಂದು ಬೆಲೆ ಉಂಟು ಎಂಬ ನಂಬಿಕೆಯಿಂದ. ಒಂದು ದಿನ ಅವನಿಗೆ ಗೊತ್ತಾಗಿಯೇ ಆಗುತ್ತದೆ. ಆಮೇಲೆ ಅವನು ಗೆದ್ದ ಹಳೆಯ ಗೆಲುವುಗಳಲ್ಲಿ ಯಾವುದು ತನ್ನದು, ಯಾವುದು ನೀವು ಕೊಟ್ಟದ್ದು ಎಂದು ಅವನಿಗೆ ಹೇಗೆ ತಿಳಿಯಬೇಕು?

ತಾಳಮದ್ದಳೆ ಕೇಳಿದವರು ನೀವು, ಹಾಗಾಗಿ ಹೀಗೆ ಹೇಳುತ್ತೇನೆ. ಅರ್ಥಧಾರಿ ಆಡಿದ ಮಾತನ್ನು ಭಾಗವತರು ಅಳಿಸುವುದಿಲ್ಲ, ಅಳಿಸಲು ಸಾಧ್ಯವೂ ಇಲ್ಲ. ಪ್ರಸಂಗ ಎಳೆಯುತ್ತಿದೆ ಎನಿಸಿದರೆ ಮುಂದಿನ ಪದ್ಯ ಎತ್ತುತ್ತಾರೆ. ಡಿಎಂ ಕೈಯಲ್ಲೂ ಇರಬೇಕಾದದ್ದು ಮುಂದಿನ ಪದ್ಯವೇ. ದಾಳ ಬಿದ್ದಾಯಿತು, 19 ಎಂದರೆ 19. ಆದರೆ ಆ ಗಾಬ್ಲಿನ್ ಮುಂದಿನ ಟರ್ನ್‌ನಲ್ಲಿ ಏನು ಮಾಡುತ್ತದೆ ಎಂಬುದು ಇನ್ನೂ ನಿಮ್ಮದು. ಬಿದ್ದವನನ್ನು ಮತ್ತೆ ಇರಿಯುತ್ತದೆಯೋ, ಅವನ ಚೀಲ ಕಿತ್ತುಕೊಂಡು ಓಡುತ್ತದೆಯೋ? ಗಾಬ್ಲಿನ್‌ಗೆ ಬೇಕಾದದ್ದು ಹೆಣವಲ್ಲ, ಗಾಡಿಯಲ್ಲಿರುವ ಅಕ್ಕಿಮೂಟೆ. ತೋಳಕ್ಕೆ ಒಂದು ಬೇಟೆ ಸಿಕ್ಕಿದರೆ ಸಾಕು, ಅದನ್ನು ಎಳೆದುಕೊಂಡು ಕಾಡಿಗೆ ಹೋಗುತ್ತದೆ, ನಿಮ್ಮವರು ಹಿಂದೆ ಓಡಬೇಕು. ದರೋಡೆಕೋರ ಮಾತುಕತೆಗೆ ಬರುತ್ತಾನೆ. ಕೊನೆಯ ಉಸಿರಿನವರೆಗೆ ಹೋರಾಡುವ ಶತ್ರುಗಳು ಕೆಲವೇ ಇರಬೇಕು, ಹೆಣಗಳಿಂದ ಎದ್ದು ಬಂದ ಸ್ಕೆಲಿಟನ್‌ಗಳ ಹಾಗೆ ಭಯ ಗೊತ್ತಿಲ್ಲದವು.

ಇದಕ್ಕೆ ಹಳೆಯ ನಿಯಮವೇ ಉಂಟು. ಇದೇ ಆಟದ 1981ರ ಬೇಸಿಕ್ ಪೆಟ್ಟಿಗೆಯಲ್ಲಿ ಪ್ರತಿ ಶತ್ರುವಿಗೆ 2ರಿಂದ 12ರವರೆಗೆ ಒಂದು ಮೊರೇಲ್ (ಎದೆಗಾರಿಕೆ) ಅಂಕ ಇರುತ್ತಿತ್ತು. ಅವರ ಕಡೆ ಮೊದಲ ಸಾವು ಆದಾಗ ಒಮ್ಮೆ, ಅರ್ಧ ಗುಂಪು ಬಿದ್ದಾಗ ಇನ್ನೊಮ್ಮೆ, ಆರು ಮುಖದ ಎರಡು ದಾಳ ಹಾಕುವುದು. ಅಂಕಕ್ಕಿಂತ ಹೆಚ್ಚು ಬಿದ್ದರೆ ಓಟ ಅಥವಾ ಶರಣಾಗತಿ. ಮೊರೇಲ್ 7 ಇಟ್ಟುಕೊಂಡರೆ 36ರಲ್ಲಿ 15 ಸಲ ಅವು ಓಡುತ್ತವೆ. ಇದನ್ನು ಐದನೇ ಆವೃತ್ತಿಗೆ ಹಾಗೆಯೇ ಜೋಡಿಸಬಹುದು, ಏನೂ ಮುರಿಯುವುದಿಲ್ಲ. ದಾಳವನ್ನು ಎಲ್ಲರ ಎದುರೇ ಹಾಕಿ. ಆ ಎರಡು ದಾಳ ಉರುಳುವಾಗ ನಿಮ್ಮ ಹಾಸ್ಟೆಲ್ ಕೋಣೆ ಎಷ್ಟು ಮೌನವಾಗುತ್ತದೆ ನೋಡಿ.

ಹಾಗೆಯೇ ಕಾಳಗ ಶುರುವಾಗುವ ಮೊದಲೇ ಸತ್ಯ ಹೇಳುವ ಅಭ್ಯಾಸ ಮಾಡಿಕೊಳ್ಳಿ. ಟ್ರೋಲ್ ಇದೆಯೇ? ಅದರ ಗಾಯ ಪ್ರತಿ ಟರ್ನ್‌ಗೆ 10 ಹಿಟ್ ಪಾಯಿಂಟ್ ಮಾಯುತ್ತದೆ, ಬೆಂಕಿ ಅಥವಾ ಆ್ಯಸಿಡ್ ತಾಗಿದರೆ ಮಾತ್ರ ಆ ಸುತ್ತಿಗೆ ನಿಲ್ಲುತ್ತದೆ. ಈ ವಿಷಯವನ್ನು ಆಡುವವರಿಂದ ಮುಚ್ಚಿಟ್ಟು ಅವರನ್ನು ಸೋಲಿಸುವುದರಲ್ಲಿ ಏನೂ ಸುಖವಿಲ್ಲ. ಹಳ್ಳಿಯ ಅಜ್ಜಿಯೊಬ್ಬಳು "ಅದರ ಕೈ ಕಡಿದದ್ದು ನನ್ನ ಗಂಡ, ಮರುದಿನ ಬಂದದ್ದಕ್ಕೆ ಎರಡೂ ಕೈ ಇತ್ತು. ದೊಂದಿ ಕಂಡರೆ ಮಾತ್ರ ಹಿಂದೆ ಸರಿಯುತ್ತಿತ್ತು" ಎನ್ನಲಿ. ಲೆವೆಲ್ 1ರವರ ಎದುರು ಓಗರ್ ಇಡುತ್ತೀರಾದರೆ ಅದು ಗದೆಯಿಂದ ಎಮ್ಮೆಯನ್ನು ಒಂದೇ ಏಟಿಗೆ ಕೆಡವುವುದನ್ನು ದೂರದಿಂದ ತೋರಿಸಿ. ಯಾಕೆಂದರೆ 7 ಹಿಟ್ ಪಾಯಿಂಟ್‌ನ ವಿಝಾರ್ಡ್‌ಗೆ 14 ಪೆಟ್ಟು ಬಿದ್ದರೆ, ಉಳಿಕೆ ಪೆಟ್ಟು ಅವನ ಪೂರ್ತಿ ಹಿಟ್ ಪಾಯಿಂಟ್‌ನಷ್ಟೇ ಆಗಿ, ಡೆತ್ ಸೇವ್ (ಸಾವು ತಪ್ಪಿಸಲು ಹಾಕುವ ದಾಳ) ಕೂಡ ಇಲ್ಲದೆ ಸಾಯುತ್ತಾನೆ. ಓಗರ್ ಹೊಡೆತ ಎಂಟು ಮುಖದ ಎರಡು ದಾಳ ಮತ್ತು 4. ದಾಳಗಳಲ್ಲಿ ಹತ್ತು ಬಿದ್ದರೆ ಸಾಕು. ಗೊತ್ತಿದ್ದೂ ಎದುರು ಹೋದರೆ ಅದು ಅವರ ಆಯ್ಕೆ. ಗೊತ್ತಿಲ್ಲದೆ ಸತ್ತರೆ ಅದು ನಿಮ್ಮದು.

ನಮ್ಮ ಗುಂಪು ಪ್ರತಿ ಕಾಳಗ ಮುಗಿದ ಕೂಡಲೇ ಗುಡಾರ ಹಾಕಿ ಮಲಗುತ್ತದೆ. ಮರುದಿನ ಎಲ್ಲ ಮಂತ್ರ ವಾಪಸ್. ಏನಿಟ್ಟರೂ ಸುಲಭವಾಗುತ್ತಿದೆ. — ಅಂಗಡಿ ವ್ಯಾಪಾರಿ, ಬದಿಯಡ್ಕ

ನಿಮ್ಮ ಶತ್ರುಗಳು ಸಾಕಷ್ಟು ಬಲವಾಗಿಯೇ ಇರಬಹುದು. 2014ರ ಪುಸ್ತಕ ಒಂದು ದಿನಕ್ಕೆ ಆರರಿಂದ ಎಂಟು ಮಧ್ಯಮ ಅಥವಾ ಕಠಿಣ ಕಾಳಗ ಎಂಬ ಅಂದಾಜಿನಲ್ಲಿ ಬರೆದದ್ದು. ಲೆವೆಲ್ 5ರ ವಿಝಾರ್ಡ್‌ಗೆ ಫೈರ್‌ಬಾಲ್ ಎಂಬ ಬೆಂಕಿಮಂತ್ರ, ನಡುವೆ ವಿಶ್ರಾಂತಿ ಇಲ್ಲದಿದ್ದರೆ, ಎರಡೇ ಸಲ. ದಿನಕ್ಕೆ ಒಂದೇ ಕಾಳಗವಾದರೆ ಎರಡನ್ನೂ ಅಲ್ಲೇ ಸುಡುತ್ತಾನೆ, ಒಂದೊಂದರಲ್ಲಿ ಸರಾಸರಿ 28 ಪೆಟ್ಟು, ಸುತ್ತ ಇದ್ದವರೆಲ್ಲರಿಗೂ. 24 ಗಂಟೆಯಲ್ಲಿ ಒಂದೇ ಲಾಂಗ್ ರೆಸ್ಟ್ (ಮಂತ್ರಗಳನ್ನು ಮರಳಿಸುವ ದೀರ್ಘ ನಿದ್ದೆ) ಎಂಬ ನಿಯಮವನ್ನು ಮೊದಲು ನೆನಪಿಸಿ. ಆಮೇಲೆ ಗಡಿಯಾರ ಇಡಿ: ಮಳೆಗೆ ಹೊಳೆ ಏರುತ್ತಿದೆ, ಸಂಜೆಯೊಳಗೆ ದಾಟದಿದ್ದರೆ ಆಚೆ ದಡದ ಹಳ್ಳಿ ಒಂಟಿಯಾಗುತ್ತದೆ. ಚಂದ್ರಗಿರಿ ಹೊಳೆಯನ್ನು ಆಟಿಯಲ್ಲಿ ನೋಡಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ದಿನಕ್ಕೆ ಎಂಟು ಕಾಳಗ ಆಡಿಸುವ ಪುರುಸೊತ್ತು ಯಾರಿಗೂ ಇಲ್ಲ, ಮೂರು ಆದರೆ ಸಾಕು. ಅದೂ ಆಗುವುದಿಲ್ಲವೆಂದರೆ ಡಿಎಂ ಪುಸ್ತಕದಲ್ಲೇ ಒಂದು ಬದಲಿ ನಿಯಮ ಉಂಟು: ಶಾರ್ಟ್ ರೆಸ್ಟ್ ಎಂಬ ಚಿಕ್ಕ ವಿಶ್ರಾಂತಿಗೆ ಎಂಟು ಗಂಟೆ, ಲಾಂಗ್ ರೆಸ್ಟ್‌ಗೆ ಏಳು ದಿನ. ನಿಮ್ಮಂಥ ಪ್ರಯಾಣದ ಕಥೆಗೆ ಅದು ಚೆನ್ನಾಗಿ ಒಗ್ಗುತ್ತದೆ. ಗುಂಪಿನವರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರಿ, ನಡುದಾರಿಯಲ್ಲಿ ಹೇರಬೇಡಿ.

ಮಗಳಿಗೆ ಹತ್ತು ವರ್ಷ. ಅಕ್ಕಪಕ್ಕದ ಮಕ್ಕಳೊಂದಿಗೆ ಆಡಿಸುತ್ತೇನೆ. ಅವಳ ಪಾತ್ರ ಬಿದ್ದಾಗ ಅತ್ತಳು, ರಾತ್ರಿ ಊಟ ಬೇಡ ಅಂದಳು. ಮಕ್ಕಳ ಆಟದಲ್ಲಿ ಸೋಲೇ ಇಲ್ಲದ ಹಾಗೆ ಮಾಡುವುದು ಒಳ್ಳೆಯದೇ? — ಗೃಹಿಣಿ, ಕುಂಬಳೆ

ಅವಳು ಅತ್ತದ್ದು ಆ ಪಾತ್ರವನ್ನು ಅಷ್ಟು ಪ್ರೀತಿಸಿದ್ದರಿಂದ, ಆಟ ಅವಳಿಗೆ ಒಲಿದಿದೆ. ಸೋಲು ಇರಲಿ, ಸಾವು ಬೇಡ. ಮಕ್ಕಳೊಂದಿಗೆ ಮೊದಲೇ ಮಾತಾಡಿಕೊಳ್ಳಿ: ನಮ್ಮ ಆಟದಲ್ಲಿ ಹಿಟ್ ಪಾಯಿಂಟ್ ಸೊನ್ನೆಯಾದರೆ ಮೂರ್ಛೆ, ಎಚ್ಚರವಾದಾಗ ಶತ್ರುವಿನ ಕೋಟೆಯೊಳಗೆ. ಬೇಕಲ ಕೋಟೆಗೆ ಕರಕೊಂಡು ಹೋಗಿ ತೋರಿಸಿದ ಮಕ್ಕಳಾದರೆ ಕೋಟೆಯಿಂದ ತಪ್ಪಿಸಿಕೊಳ್ಳುವ ದಾರಿಯನ್ನು ಅವರೇ ಹೇಳುತ್ತಾರೆ. ಗೆಳತಿಯನ್ನು ಬಿಡಿಸಿ ತರುವುದೇ ಮುಂದಿನ ಭಾನುವಾರದ ಕಥೆ. ಬಿದ್ದ ಪಾತ್ರದ ಮಗು ಆ ಹೊತ್ತು ಸುಮ್ಮನೆ ಕೂರಬಾರದು, ಇದು ಮುಖ್ಯ. ಕೂಡಲೇ ಅವಳ ಕೈಗೆ ಒಂದು ಗಾಬ್ಲಿನ್ ಕೊಡಿ, ನಡೆಸಲಿ. ದೊಡ್ಡವರು ಇಟ್ಟ ಶತ್ರುಗಳಿಗಿಂತ ಮಕ್ಕಳು ನಡೆಸುವ ಶತ್ರುಗಳು ಹೆಚ್ಚು ದಯೆಯವು, ಹೆಚ್ಚು ತಂಟೆಯವು ಕೂಡ.

ದಾಳ ಇಲ್ಲ, ಪುಸ್ತಕಕ್ಕೆ ದುಡ್ಡಿಲ್ಲ. ಈ ಲೆಕ್ಕ ಎಲ್ಲ ಎಲ್ಲಿಂದ ತೆಗೆಯುವುದು? — ಹತ್ತನೇ ತರಗತಿ, ನೀರ್ಚಾಲು

ಐದನೇ ಆವೃತ್ತಿಯ ಮೂಲ ನಿಯಮಗಳ ಕೈಪಿಡಿಯನ್ನು ಪ್ರಕಾಶಕರೇ 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿದ್ದಾರೆ. ಎಸ್‌ಆರ್‌ಡಿ 5.1 ಎಂದು ಹುಡುಕಿ, ಇಳಿಸಿಕೊಳ್ಳಲು ಕಾಸು ಬೇಡ. ಗಾಬ್ಲಿನ್, ಓಗರ್, ಟ್ರೋಲ್, ಬಗ್‌ಬೇರ್ ಎಲ್ಲ ಅದರಲ್ಲಿ ಉಂಟು. ಕಾಳಗದ ಕೋಷ್ಟಕದಲ್ಲಿ ನಿಮಗೆ ಬೇಕಾದಷ್ಟನ್ನು ಮೇಲಿನ ಉತ್ತರಗಳಿಂದಲೇ ಬರೆದುಕೊಳ್ಳಬಹುದು. ದಾಳದ ಬದಲು 1ರಿಂದ 20ರವರೆಗೆ ಬರೆದ ಚೀಟಿಗಳನ್ನು ಡಬ್ಬಿಗೆ ಹಾಕಿ, ಒಂದು ತೆಗೆದ ಮೇಲೆ ಅದನ್ನು ಮತ್ತೆ ಒಳಗೆ ಹಾಕಿ ಕುಲುಕಿ. ಮತ್ತೆ ಹಾಕದಿದ್ದರೆ ಸಂಭವನೀಯತೆ ಬದಲಾಗುತ್ತದೆ. ಯಾಕೆ ಎಂದು ನಿಮ್ಮ ಗಣಿತ ಟೀಚರಲ್ಲಿ ಕೇಳಿ, ಅವರಿಗೂ ಖುಷಿಯಾದೀತು.

ಗಲ್ಫ್‌ನಿಂದ ರಜೆಗೆ ಬಂದ ಅಣ್ಣ ಪಾತ್‌ಫೈಂಡರ್ ಎಂಬ ಇಂಥದೇ ಇನ್ನೊಂದು ಆಟದ ಎರಡನೇ ಆವೃತ್ತಿ ತಂದುಕೊಟ್ಟ. ನಾವು ಮೂವರು, ನಾನು ಡಿಎಂ ಬೇರೆ. ಇದರಲ್ಲೂ ಅದೇ ಲೆಕ್ಕವೇ? — ಓದುಗ, ಉಪ್ಪಳ

ಬೇರೆ ಲೆಕ್ಕ, ಮತ್ತು ನನ್ನ ಅನುಭವದಲ್ಲಿ ಹೆಚ್ಚು ನಂಬಬಹುದಾದ ಲೆಕ್ಕ. 2019ರ ಆ ಆಟದಲ್ಲಿ ನಾಲ್ವರಿಗೆ ಮಧ್ಯಮ ಕಾಳಗ 80 ಎಕ್ಸ್‌ಪಿ, ತೀವ್ರ 120, ಅತಿ ತೀವ್ರ 160. ಗುಂಪಿನದ್ದೇ ಲೆವೆಲ್‌ನ ಶತ್ರುವಿಗೆ 40, ಎರಡು ಲೆವೆಲ್ ಕೆಳಗಿನದಕ್ಕೆ 20, ಎರಡು ಮೇಲಿನದಕ್ಕೆ 80. ಇಲ್ಲಿ ಲೆವೆಲ್ ವ್ಯತ್ಯಾಸವನ್ನು ಹಗುರವಾಗಿ ಕಾಣಬೇಡಿ. ಬೇಕಾದ ಅಂಕಕ್ಕಿಂತ ಹತ್ತು ಹೆಚ್ಚು ಬಿದ್ದರೂ ಕ್ರಿಟಿಕಲ್ (ಎರಡು ಪಟ್ಟು ಪೆಟ್ಟು) ಆಗುವ ಆಟ ಇದು, ಹಾಗಾಗಿ ಮೂರು ಲೆವೆಲ್ ಮೇಲಿನ ಒಂಟಿ ಶತ್ರು ನಿಜವಾಗಿಯೂ ಭಯಂಕರ. ಐದನೇ ಆವೃತ್ತಿಯ ಹಾಗೆ 'ಒಂದೇ ತಾನೇ, ಏನಾಗುತ್ತದೆ' ಎಂದುಕೊಂಡು ಇಡಬೇಡಿ. ಶತ್ರು ಸ್ವಲ್ಪ ಹೆಚ್ಚುಕಡಿಮೆ ಬೇಕಾದರೆ ಎಲೀಟ್ ಮತ್ತು ವೀಕ್ ಎಂಬ ಸಿದ್ಧ ಬದಲಾವಣೆಗಳಿವೆ, ಆರ್ಮರ್ ಕ್ಲಾಸ್, ದಾಳಿ, ಸೇವ್‌ಗಳಿಗೆ 2 ಕೂಡಿಸಿ ಅಥವಾ ಕಳೆದು, ಹಿಟ್ ಪಾಯಿಂಟ್ ಅಲ್ಲೇ ಹೇಳಿದಷ್ಟು ತಿದ್ದಿ. ಆಡುವವರು ಮೂವರೇ ಆದ್ದರಿಂದ ಮಧ್ಯಮ ಕಾಳಗದ 80ರಿಂದ 20 ಕಳೆಯಿರಿ. ಉಳಿದ 60ಕ್ಕೆ ನಿಮ್ಮ ಲೆವೆಲ್‌ನದ್ದು ಒಂದು, ಎರಡು ಲೆವೆಲ್ ಕೆಳಗಿನದ್ದು ಒಂದು. ಮೊದಲ ವಾರ ಅಷ್ಟೇ ಇಟ್ಟು ಆಡಿ, ಹೇಗಾಯಿತೆಂದು ಬರೆಯಿರಿ.